ಶಿಕ್ಷೆ ಮುಗಿಸಿ ಬಂದವರ ಪರವಾಗಿ ಗೃಹ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರೇ,

ನಾನು ಬೆಂಗಳೂರಿನ ಕಾಮಾಕ್ಷಿಪಾಳ್ಯದಲ್ಲಿ ಮರಗೆಲಸದ ಸಣ್ಣ ಕಾರ್ಖಾನೆ ನಡೆಸುತ್ತಿದ್ದೇನೆ. ಕಳವಿನ ಪ್ರಕರಣದಲ್ಲಿ ಎರಡು ವರ್ಷ ಶಿಕ್ಷೆ ಅನುಭವಿಸಿ ಪರಪ್ಪನ ಅಗ್ರಹಾರದಿಂದ ಹೊರಬಂದ ಯುವಕನೊಬ್ಬ ಆರು ವರ್ಷಗಳಿಂದ ನನ್ನಲ್ಲಿ ಕೆಲಸ ಮಾಡುತ್ತಿದ್ದಾನೆ. ಅವನು ಕೂಡಿಸಿದ ಬಾಗಿಲಿನ ಚೌಕಟ್ಟಿನ ಮೂಲೆಯಲ್ಲಿ ಕಾಗದವೂ ತೂರುವುದಿಲ್ಲ. ಆ ಕೆಲಸ ಕಲಿಸಿದ್ದು ಜೈಲು, ಅಂದರೆ ತಮ್ಮದೇ ಇಲಾಖೆ. ಕೆಲಸ ಕೇಳಿಕೊಂಡು ಬಂದ ದಿನ ಅವನು ತೋರಿಸಿದ ತರಬೇತಿ ಪತ್ರದ ಕೆಳಭಾಗ ಹಿಂದಕ್ಕೆ ಮಡಚಿತ್ತು. ಬಿಡಿಸಿ ನೋಡಿದರೆ ಕಾರಾಗೃಹದ ಮೊಹರು. ಮಡಿಕೆ ಬಿದ್ದಲ್ಲಿ ಕಾಗದ ಸವೆದು ಹರಿಯುವಂತಾಗಿತ್ತು; ಎಷ್ಟು ಕಡೆ ಹಾಗೆ ಮಡಚಿ ತೋರಿಸಿದ್ದನೋ.

ಕಳೆದ ತಿಂಗಳು ಒಂದು ಅಪಾರ್ಟ್‌ಮೆಂಟಿಗೆ ಅಡುಗೆಮನೆಯ ಕಪಾಟು ಜೋಡಿಸಲು ಅವನನ್ನು ಕಳಿಸಿದಾಗ, ಪೊಲೀಸ್ ವೆರಿಫಿಕೇಶನ್ ಪತ್ರವಿಲ್ಲದೆ ಒಳಗೆ ಬಿಡುವುದಿಲ್ಲವೆಂದು ಗೇಟಿನಲ್ಲೇ ತಡೆದರು. ಪತ್ರ ತಂದರೆ ಹಳೆಯ ಕೇಸು ಬಯಲಾಗುತ್ತದೆ. ಉಳಿಯ ಚೀಲ ಹೊತ್ತು ವಾಪಸು ಬಂದವನು ಅಂದು ಊಟ ಮುಟ್ಟಲಿಲ್ಲ. ಮನೆಯವರ ಭಯ ನನಗೂ ಅರ್ಥವಾಗುತ್ತದೆ. ನನ್ನ ಕಾರ್ಖಾನೆಯಲ್ಲೂ ಒಮ್ಮೆ ಯಂತ್ರ ಕಳುವಾಗಿದೆ. ಆದರೆ ನ್ಯಾಯಾಲಯ ವಿಧಿಸಿದ ಶಿಕ್ಷೆಯನ್ನು ಪೂರ್ತಿ ಅನುಭವಿಸಿದವನನ್ನು ಇನ್ನೆಷ್ಟು ವರ್ಷ ಗೇಟಿನ ಹೊರಗೆ ನಿಲ್ಲಿಸಬೇಕು?

1958ರ ಅಪರಾಧಿಗಳ ಪ್ರೊಬೇಷನ್ ಕಾಯ್ದೆಯ 12ನೇ ಕಲಮು, ಜೈಲಿಗೆ ಕಳಿಸದೆ ಎಚ್ಚರಿಕೆಯ ಅಥವಾ ಸನ್ನಡತೆಯ ಮುಚ್ಚಳಿಕೆಯ ಮೇಲೆ ಆ ಕಾಯ್ದೆಯಡಿ ಬಿಡುಗಡೆಯಾದವರಿಗೆ ಅಪರಾಧ ನಿರ್ಣಯದಿಂದ ಉಂಟಾಗುವ ಅನರ್ಹತೆ ತಟ್ಟದಂತೆ ಕಾಪಾಡುತ್ತದೆ. 2015ರ ಬಾಲನ್ಯಾಯ ಕಾಯ್ದೆ ಬಹುಪಾಲು ಮಕ್ಕಳಿಗೆ ಇಂಥದೇ ರಕ್ಷಣೆ ಕೊಟ್ಟಿದೆ. ಜೈಲಿನಲ್ಲಿ ಶಿಕ್ಷೆ ಪೂರೈಸಿ ಬಂದ ವಯಸ್ಕನಿಗೆ ಆ ಆಸರೆ ಇಲ್ಲ. ನಿಗದಿತ ಕಾಲ ಮತ್ತೆ ತಪ್ಪು ಮಾಡದೆ ಬಾಳಿದವರು ಹೆಚ್ಚಿನ ಉದ್ಯೋಗಗಳಿಗೆ ಅರ್ಜಿ ಹಾಕುವಾಗ ಹಳೆಯ ಶಿಕ್ಷೆಯನ್ನು ಹೇಳಬೇಕಾಗಿಲ್ಲವೆಂದು ಬ್ರಿಟನ್ 1974ರಲ್ಲೇ ಕಾನೂನು ಮಾಡಿತು. ಮಕ್ಕಳ ನಡುವೆ ಮಾಡುವಂಥ ಕೆಲಸಗಳಿಗೆ ಅಲ್ಲಿ ಈ ರಿಯಾಯಿತಿ ಇಲ್ಲ. ಇಲ್ಲಿಯೂ ಅಷ್ಟು ಎಚ್ಚರ ಇರಲೇಬೇಕು.

ತಮ್ಮಲ್ಲಿ ಕೇಳಿಕೊಳ್ಳುವುದಿಷ್ಟೇ. ಸಣ್ಣ ಅಪರಾಧಗಳಿಗೆ ಒಂದು ಕಾಲಮಿತಿ ಗೊತ್ತುಪಡಿಸಿ, ಅದು ಕಳೆದ ಮೇಲೆ ಖಾಸಗಿ ಉದ್ಯೋಗಕ್ಕೆಂದು ಕೊಡುವ ಪರಿಶೀಲನಾ ಪತ್ರದಲ್ಲಿ ಹಳೆಯ ಶಿಕ್ಷೆ ನಮೂದಾಗದಂತೆ ಮಾಡಬೇಕು. ಜೈಲಿನಲ್ಲಿ ಕಲಿತ ಕಸುಬಿನ ಪ್ರಮಾಣಪತ್ರ ಕಾರಾಗೃಹದ ಮೊಹರಿಲ್ಲದೆ, ಹೊರಗಿನ ತರಬೇತಿ ಸಂಸ್ಥೆಯ ಹೆಸರಿನಲ್ಲಿ ಸಿಗುವಂತಾಗಬೇಕು.

ಆ ಕಪಾಟುಗಳನ್ನು ಕೊನೆಗೆ ನಾನೇ ಹೋಗಿ ಜೋಡಿಸಿ ಬಂದೆ. ಕೆಲಸ ಅಚ್ಚುಕಟ್ಟಾಗಿದೆ ಎಂದು ಮನೆಯವರು ಮೆಚ್ಚಿದರು. ಮಾಡಿದವನು ಯಾರೆಂದು ಅವರಿಗೆ ಹೇಳಲು ನನಗೆ ಧೈರ್ಯ ಬರಲಿಲ್ಲ.

ಇತಿ ತಮ್ಮ ವಿಶ್ವಾಸಿ,
ಕಾಮಾಕ್ಷಿಪಾಳ್ಯದ ಒಬ್ಬ ಮರಗೆಲಸದವನು