ಭಾನುವಾರ ಸೇರೋಣ: ಎಐ, ಓದು, ಕೆಲಸ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ 10ಕ್ಕೆ ತುಮಕೂರು ಅಮಾನಿಕೆರೆ ಪಾರ್ಕ್ ಗೇಟ್ ಹತ್ತಿರ ಸೇರೋಣ. ಫೈನಲ್ ಇಯರ್‌ನವರು ತಪ್ಪದೆ ಬನ್ನಿ.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದಾಗಿನಿಂದ ‘ಕೋಡಿಂಗ್ ಕಲಿಯೋದು ವೇಸ್ಟಾ ಅಣ್ಣಾ?’ ಅಂತ ಕೇಳ್ತಾನೇ ಇದ್ದೀರಿ. ವೇಸ್ಟ್ ಅಲ್ಲ. ನಾನೂ ದಿನಾ ಎಐ ಬಳಸುತ್ತೇನೆ. ಲಾಗಿನ್ ಪುಟ ಕೇಳಿದರೆ ನಿಮಿಷದಲ್ಲಿ ಬರೆದುಕೊಡುತ್ತದೆ. ಆದರೆ ಪಾಸ್‌ವರ್ಡನ್ನು ಹ್ಯಾಶ್ ಮಾಡದೆ (ಅಂದರೆ ಮೂಲ ಪಾಸ್‌ವರ್ಡ್ ಗೊತ್ತಾಗದಂತೆ ಬದಲಿಸದೆ) ಹಾಗೇ ಡೇಟಾಬೇಸಿಗೆ ತುಂಬಿದ್ದರೆ ಕಂಡುಹಿಡಿಯಬೇಕಾದವರು ನಾವೇ ಅಲ್ವಾ? ಸಂಬಳ ಕೊಡೋದು ಅದಕ್ಕೇ. ಹೊಸಬರಿಗೆ ಸಿಗುತ್ತಿದ್ದ ಸಣ್ಣಪುಟ್ಟ ಕೆಲಸವನ್ನು ಈಗ ಎಐಯೇ ಮಾಡುತ್ತಿದೆ, ನನಗಿರುವ ಚಿಂತೆ ಅದು. ಹಾಗಂತ ಸುಮ್ನೆ ಸಾಲ ಮಾಡಿ ಎಐ ಕೋರ್ಸ್ ಸೇರಬೇಡಿ. ಕೋಡ್ ಬರೆಯುವ ಭಾಷೆ ಪೈಥಾನ್, ಕೋಡ್‌ನಲ್ಲಿ ಮಾಡಿದ ಬದಲಾವಣೆಗಳ ಲೆಕ್ಕ ಇಡುವ ಗಿಟ್, ಎರಡೂ ಪುಕ್ಕಟೆ.

ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೊಂಡೇ ತನ್ನಿ. ಬರುವವರು ಶುಕ್ರವಾರದೊಳಗೆ ಇಲ್ಲಿ ಹೆಸರು ಹಾಕಿ. ಗುಡ್ ಮಾರ್ನಿಂಗ್ ಫೋಟೊ ಬೇಡ, ದಯವಿಟ್ಟು.