ಕಾಳು ಆರಿಸುವ ಕೈಗಳಿಗೆ

ಮೊನ್ನೆ ನನ್ನ ಪಿಎಚ್‌.ಡಿ. ಮೌಖಿಕ ಪರೀಕ್ಷೆ ಮುಗಿಯಿತು. ಹಾರೈಸಿದ ಎಲ್ಲರಿಗೂ ವಂದನೆ. ಈ ಋಣದ ಲೆಕ್ಕ ಹಾಸನದಲ್ಲೇ ಶುರುವಾಗಿದ್ದು. ಅದನ್ನು ಬರೆಯದೆ ನನಗೆ ಸಮಾಧಾನವಿಲ್ಲ.

ದ್ವಿತೀಯ ಪಿಯುಸಿಯಲ್ಲಿದ್ದಾಗ ಟೈಫಾಯ್ಡ್ ಬಂದು ಹಾಸಿಗೆ ಹಿಡಿದಿದ್ದೆ. ರಕ್ತ ಪರೀಕ್ಷೆ ಮಾಡಿದ ಲ್ಯಾಬಿನ ಅಕ್ಕ, ಟೈಫಾಯ್ಡ್ ಪತ್ತೆ ಹಚ್ಚುವ ವಿಡಾಲ್ ಪರೀಕ್ಷೆಯ ಗಾಜನ್ನು ಬೆಳಕಿಗೆ ಓರೆ ಮಾಡಿ ತೋರಿಸಿದರು. ನೀಲಿ ಹನಿ ಒಡೆದ ಹಾಲಿನಂತೆ ತರಿತರಿಯಾಗಿತ್ತು. "ನಿನ್ನ ರಕ್ತ ಕ್ರಿಮಿಯನ್ನು ಗುರುತು ಹಿಡಿದಿದೆ, ನೋಡಮ್ಮ" ಎಂದರು. ಹೇಗೆ ಹಿಡಿಯಿತು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಡಲಿಲ್ಲ; ಕೊನೆಗೆ ಅದೇ ನನ್ನ ಸಂಶೋಧನೆಯಾಯಿತು. ಆ ಅಕ್ಕನಿಗೆ ಮೊದಲ ನಮಸ್ಕಾರ.

ಟೈಫಾಯ್ಡ್ ಬ್ಯಾಕ್ಟೀರಿಯಾದ ಹೊರಪೊರೆಯಿಂದ ಸಕ್ಕರೆಯ ಸರಪಳಿಗಳು ಚಾಚಿಕೊಂಡಿರುತ್ತವೆ. ಅವುಗಳಲ್ಲಿ ಟೈವೆಲೋಸ್ ಎಂಬ ಅಪರೂಪದ ಸಕ್ಕರೆ ಕವಲಿನಂತೆ ಮತ್ತೆ ಮತ್ತೆ ಬರುತ್ತದೆ. ಪ್ಯಾರಾಟೈಫಾಯ್ಡ್ 'ಎ' ಬ್ಯಾಕ್ಟೀರಿಯಾದಲ್ಲಿ ಅದೇ ಜಾಗದಲ್ಲಿ ಪ್ಯಾರಟೋಸ್ ಇರುತ್ತದೆ. ಒಂದೇ ಒಂದು ಹೈಡ್ರಾಕ್ಸಿಲ್ ಗುಂಪು (ಆಮ್ಲಜನಕ, ಜಲಜನಕದ ಜೋಡಿ) ಯಾವ ಕಡೆ ಮುಖ ಮಾಡಿದೆ ಎಂಬುದಷ್ಟೇ ಇವೆರಡರ ವ್ಯತ್ಯಾಸ. ರಕ್ತದಲ್ಲಿ ಕ್ರಿಮಿಯನ್ನು ಗುರುತಿಸಿ ಹಿಡಿಯುವ ಪ್ರೋಟೀನ್, ಅಂದರೆ ಪ್ರತಿಕಾಯ, ಅಷ್ಟನ್ನೂ ಪತ್ತೆ ಹಚ್ಚಬಲ್ಲದು.

ಇದನ್ನು ನಂಬುವುದು ನನಗೆ ಕಷ್ಟವಾಗಲಿಲ್ಲ, ಏಕೆಂದರೆ ನಾನು ಅಮ್ಮನ ಕೈ ನೋಡಿ ಬೆಳೆದವಳು. ಅಮ್ಮ ಕಾಫಿ ಹದ ಮಾಡುವ ಕ್ಯೂರಿಂಗ್ ಕೇಂದ್ರದಲ್ಲಿ ಬೀಜ ಆರಿಸುತ್ತಾಳೆ. ಪಕ್ಕದವರ ಜೊತೆ ಮಾತನಾಡುತ್ತಾ ಕಣ್ಣು ಬೇರೆ ಕಡೆ ಇದ್ದರೂ, ಚಪ್ಪಟೆ ಮಗ್ಗುಲಿಲ್ಲದ ಗುಂಡು ಕಾಳು, ಅಂದರೆ ಪೀಬೆರಿ, ಅವಳ ಹೆಬ್ಬೆರಳಿಗೆ ತಾಗಿದ ಕೂಡಲೇ ಬೇರೆಯಾಗುತ್ತದೆ. ಟೈಫಾಯ್ಡ್‌ನ ದಾಯಾದಿಯಾದ ಇನ್ನೊಂದು ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಗುಂಪಿನ ಸಕ್ಕರೆಯನ್ನು ಪ್ರತಿಕಾಯ ಹಿಡಿದಿರುವ ಸ್ಫಟಿಕ ರಚನೆ, ಅಂದರೆ ಅಣುಗಳ ಆಕಾರದ ನಕ್ಷೆ, 1991ರಲ್ಲಿ ಪ್ರಕಟವಾಯಿತು. ಅದನ್ನು ನೋಡಿದಾಗ ನೆನಪಾದದ್ದು ಆ ಹೆಬ್ಬೆರಳೇ. ಪ್ರತಿಕಾಯದ ತುದಿಯಲ್ಲಿ 8 ಆಂಗ್‌ಸ್ಟ್ರಾಮ್ ಆಳ, 7 ಆಂಗ್‌ಸ್ಟ್ರಾಮ್ ಅಗಲದ ಗುಳಿ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು); ಅದರೊಳಗೆ ಅಬೆಕ್ವೋಸ್ ಎಂಬ ಸಕ್ಕರೆ ಹೂತು ಕುಳಿತಿದೆ. ಟ್ರಿಪ್ಟೋಫಾನ್‌ನಂತಹ ಅಮೈನೋ ಆಮ್ಲಗಳ ಚಪ್ಪಟೆ ಉಂಗುರಗಳು ಗುಳಿಯ ಗೋಡೆಯಾಗಿವೆ. ಒಳಗೆ ಸಿಕ್ಕಿಕೊಂಡ ಒಂದೇ ಒಂದು ನೀರಿನ ಅಣು ಸಕ್ಕರೆಗೂ ಪ್ರತಿಕಾಯಕ್ಕೂ ಬೆಸುಗೆ ಹಾಕಿದೆ. ಪಕ್ಕದ ಗ್ಯಾಲಕ್ಟೋಸ್, ಮ್ಯಾನೋಸ್ ಹೊರಗೇ ಉಳಿದಿವೆ. ಎಷ್ಟು ಸಲ ನೋಡಿದರೂ ನನಗೆ ತೃಪ್ತಿಯಿಲ್ಲ.

ಮೂರನೇ ವರ್ಷ ಎಂಟು ತಿಂಗಳು ಒಂದು ಪ್ರಯೋಗವೂ ಕೈಗೂಡಲಿಲ್ಲ. ಪ್ರತಿಕಾಯದ, ಸಕ್ಕರೆ ಹಿಡಿಯುವ ಒಂದು ತೋಳನ್ನು ಮಾತ್ರ ಕತ್ತರಿಸಿ ಅದರ ಹಿಡಿತ ಅಳೆಯುತ್ತಿದ್ದೆ; ಅದು ಸಿಗುತ್ತಲೇ ಇರಲಿಲ್ಲ. ಬಟ್ಟೆಬರೆ ಕಟ್ಟಿಕೊಂಡು ಊರಿಗೆ ಹೊರಟಿದ್ದೆ. ಪ್ರಯೋಗಾಲಯದ ಹಿರಿಯ ಗೆಳತಿ ತಡೆದು, "ಸಕ್ಕರೆಯ ಮೇಲೆ ಒಂದು ತೋಳಿನ ಹಿಡಿತ ಸಡಿಲವೇ. ಇಡೀ ಪ್ರತಿಕಾಯವನ್ನು ಹಾಕಿ ನೋಡು" ಎಂದರು. ಐಜಿಎಂ ಎಂಬ ಬಗೆಯ ಪ್ರತಿಕಾಯಕ್ಕೆ ಹತ್ತು ತೋಳುಗಳಿವೆ, ಸರಪಳಿಯಲ್ಲೂ ಅದೇ ಸಕ್ಕರೆ ಸಾಲಾಗಿ ಬರುತ್ತದೆ. ಒಂದು ಜಾರಿದರೂ ಉಳಿದವು ಬಿಡುವುದಿಲ್ಲ. ಅಂದು ಗಾಜಿನ ಮೇಲೆ ನೀಲಿ ಹನಿ ತರಿಯಾದದ್ದೂ ಹೀಗೆಯೇ: ಒಂದೇ ಪ್ರತಿಕಾಯ ಹಲವು ಕ್ರಿಮಿಗಳನ್ನು ಒಟ್ಟಿಗೆ ಹಿಡಿದಿತ್ತು. ಆ ಗೆಳತಿಗೂ, ಆ ಎಂಟು ತಿಂಗಳಲ್ಲಿ ಒಮ್ಮೆಯೂ ಗದರದ ನನ್ನ ಮಾರ್ಗದರ್ಶಕರಿಗೂ ನಾನು ಎಂದಿಗೂ ಋಣಿ.

ಅಮ್ಮನ ಸಾಲಿನಲ್ಲಿ ಕೂರುವ ಅಕ್ಕಂದಿರು ನನ್ನ ಎಂ.ಎಸ್ಸಿ. ಶುಲ್ಕಕ್ಕೆಂದು ಬಟವಾಡೆಯ ದಿನ ಐವತ್ತು, ನೂರು ಎತ್ತಿಟ್ಟು ಕರ್ಚೀಫಿನಲ್ಲಿ ಕಟ್ಟಿ ಕೊಟ್ಟಿದ್ದರು. ಮುಂದಿನ ವಾರ ಪ್ರಬಂಧದ ಮೊದಲ ಪ್ರತಿಯೊಂದಿಗೆ ಹಾಸನಕ್ಕೆ ಬರುತ್ತಿದ್ದೇನೆ. ಅದರ ಅರ್ಪಣೆಯ ಪುಟದಲ್ಲಿ ಅಮ್ಮನ ಜೊತೆ ಅವರೆಲ್ಲರ ಹೆಸರೂ ಇದೆ. ಊಟದ ಬಿಡುವಿನಲ್ಲಿ ಒಂದೊಂದಾಗಿ ಓದಿ ಹೇಳುತ್ತೇನೆ.