ಅದು ಟೈಫಾಯ್ಡ್ ಅಲ್ಲ, ಪುಟ್ಟಿ

ಪ್ರೀತಿಯ ಪುಟ್ಟಿ,

ಚಟ್ನಿಪುಡಿ ಡಬ್ಬಿಯ ಕೆಳಗೆ ಈ ಕಾಗದ ಇಟ್ಟಿದ್ದೇನೆ. ಹಾಸ್ಟೆಲ್‌ನಲ್ಲಿ ಬ್ಯಾಗ್ ತೆಗೆದಾಗ ಸಿಗಲಿ ಅಂತ. ಎದುರಿಗೆ ಕೂತು ಹೇಳಹೋದರೆ ನನಗೆ ಅಳು ಬರುತ್ತದೆ, ಆಮೇಲೆ ನೀನೇ ನನ್ನನ್ನು ಸಮಾಧಾನ ಮಾಡಬೇಕಾಗುತ್ತದೆ.

ಹೋದ ವರ್ಷ ನೀನು ಓದು ನಿಲ್ಲಿಸಿ ಮನೆಗೆ ಬಂದಾಗ ನಿನ್ನ ಅತ್ತೆಗೂ ಚಿಕ್ಕಮ್ಮನಿಗೂ ನಾನು ‘ಟೈಫಾಯ್ಡ್’ ಅಂದೆ. ಒಳಗಿನ ರೂಮಿನಲ್ಲಿದ್ದ ನಿನಗೆ ಅದು ಕೇಳಿಸಿತು. ಎರಡು ದಿನ ನೀನು ಮಾತಾಡಲಿಲ್ಲ. ನಿನ್ನನ್ನು ಕಾಪಾಡುತ್ತಿದ್ದೇನೆ ಅಂದುಕೊಂಡು ನನ್ನ ಮರ್ಯಾದೆ ಕಾಪಾಡಿಕೊಂಡೆ. ಕ್ಷಮಿಸು ಮಗಳೇ. ನಿಮ್ಹಾನ್ಸ್ ಹೆಸರನ್ನು ಬೈಗುಳದ ಹಾಗೆ ಬಳಸುವವರ ನಡುವೆಯೇ ನಾನೂ ಬೆಳೆದೆ. ಹೊಸೂರು ರಸ್ತೆಯ ಆ ಗೇಟಿನ ಹತ್ತಿರ ಬಂದಾಗ, ಪರಿಚಯದವರು ಯಾರಾದರೂ ನೋಡಿಯಾರು ಅಂತ ಆಟೋದಲ್ಲೇ ಮುಖ ತಿರುಗಿಸಿ ಕೂತಿದ್ದೆ.

ಅಲ್ಲಿನ ಬೇಕರಿಯಿಂದ ಬನ್ ತಂದೆವಲ್ಲ, ನೆನಪಿದೆಯಾ? ಚಿಕಿತ್ಸೆಗೆ ಬಂದವರೇ ಅಲ್ಲಿ ಕೆಲಸ ಕಲಿಯುತ್ತಾರೆ ಅಂತ ಆವತ್ತು ಗೊತ್ತಾಯಿತು. ಹುಷಾರಾಗುವುದರಲ್ಲಿ ಕಲಿಯುವುದೂ ಇದೆ ಅಂತ ನನಗೆ ಹೊಳೆದಿರಲೇ ಇಲ್ಲ.

ಆಮೇಲೆ ರಾತ್ರಿ ಕೂತು ಓದತೊಡಗಿದೆ. ಅಮೆರಿಕದ ಬಾಸ್ಟನ್ ಯೂನಿವರ್ಸಿಟಿಯಲ್ಲಿ ಮನಸ್ಸಿನ ಕಾಯಿಲೆಯಿಂದ ಚೇತರಿಸಿಕೊಳ್ಳುವುದನ್ನೇ ಪಾಠ ಮಾಡುವ ಕೇಂದ್ರವೊಂದಿದೆ. ಅಲ್ಲಿಗೆ ಬರುವವರನ್ನು ಪೇಷೆಂಟ್ ಅನ್ನುವುದಿಲ್ಲ, ಸ್ಟೂಡೆಂಟ್ ಅನ್ನುತ್ತಾರೆ. ಸೆಮಿಸ್ಟರ್ ಲೆಕ್ಕದಲ್ಲಿ ಕ್ಲಾಸು. ಅದನ್ನು ಕಟ್ಟಿದ ವಿಲಿಯಂ ಆಂಥೊನಿ 1993ರಲ್ಲೇ ಬರೆದಿದ್ದರಂತೆ: ಕಾಯಿಲೆ ಪೂರ್ತಿ ಹೋಗದಿದ್ದರೂ ಮನುಷ್ಯ ಆಸೆ ಇಟ್ಟುಕೊಂಡು, ನಾಲ್ಕು ಜನಕ್ಕೆ ಬೇಕಾಗಿ, ತೃಪ್ತಿಯಿಂದ ಬದುಕಬಹುದು ಅಂತ. ನಿನ್ನ ಹಾಗೆ ಓದು ಮಧ್ಯದಲ್ಲಿ ಬಿಟ್ಟವರನ್ನು ಮತ್ತೆ ಕಾಲೇಜಿಗೆ ತಯಾರು ಮಾಡಲು ಅಲ್ಲಿ ಬೇರೆ ಒಂದು ಸೆಮಿಸ್ಟರ್ರೇ ಇದೆ! ಇಂಗ್ಲೆಂಡಿನಲ್ಲೂ 2009ರಿಂದ ಚೇತರಿಕೆಯ ಪಾಠ ಹೇಳುವ ‘ರಿಕವರಿ ಕಾಲೇಜು’ಗಳು ಶುರುವಾದವು. ಪಾಠಕ್ಕೆ ಇಬ್ಬರು ನಿಲ್ಲುತ್ತಾರೆ. ಒಬ್ಬರು ಆ ವಿಷಯ ಓದಿದವರು, ಇನ್ನೊಬ್ಬರು ಅದನ್ನು ಅನುಭವಿಸಿದವರು. ಮನೆಯವರೂ ಸೇರಬಹುದು. ಹತ್ತಿರದಲ್ಲಿದ್ದಿದ್ದರೆ ಮೊದಲ ಬೆಂಚಿನಲ್ಲಿ ನಾನೇ ಕೂರುತ್ತಿದ್ದೆ.

ನಮ್ಮ ಮನೆಯಲ್ಲಿ ಪಾಠ ಮಾಡಿದ್ದು ನೀನು. ಮೊದಲು ನಿದ್ದೆ ಕೆಡುತ್ತದೆ, ಆಮೇಲೆ ಸ್ನಾನ ತಪ್ಪುತ್ತದೆ, ಆಮೇಲೆ ಫೋನ್ ಆಫ್ ಆಗುತ್ತದೆ. ಈ ಮೂರು ಗುರುತುಗಳನ್ನು ನೀನೇ ಹಾಳೆಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದೆ. ‘ಯಾಕೆ ಹೀಗಿದ್ದೀಯ?’ ಅಂತ ಕೇಳಬೇಡ, ಸುಮ್ನೆ ಪಕ್ಕದಲ್ಲಿ ಕೂರು ಅಂದೆ. ಅದು ನನಗೆ ತುಂಬಾ ಕಷ್ಟವಾಯಿತು. ತಾಯಿಗೆ ಬಾಯಿ ಮುಚ್ಚಿಕೊಂಡು ಕೂರುವುದು ಸುಲಭವಲ್ಲ. ಆದರೂ ಕಲಿತೆ.

ಮೊನ್ನೆ ‘ಒಂದು ವರ್ಷ ವೇಸ್ಟ್ ಆಯ್ತಮ್ಮ’ ಅಂದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ನಿನ್ನ ಮನಸ್ಸು ಯಾವಾಗ ಜಾರುತ್ತದೆ, ಹೇಗೆ ಹಿಡಿದು ನಿಲ್ಲಿಸಬೇಕು ಅಂತ ಇಪ್ಪತ್ತು ವರ್ಷಕ್ಕೇ ನಿನಗೆ ಗೊತ್ತು. ನನಗೆ ಐವತ್ತಾದರೂ ಗೊತ್ತಿರಲಿಲ್ಲ. ನಿನ್ನ ಕಾಯಿಲೆಯನ್ನು ಸೋಮಾರಿತನ ಅಂದ ನಿನ್ನ ಲೆಕ್ಚರರ್‌ಗೂ ಗೊತ್ತಿರಲಿಲ್ಲ.

ಮಾತ್ರೆ ಬಿಡಬೇಡ, ನಿಲ್ಲಿಸಬೇಕು ಅನ್ನಿಸಿದರೆ ಡಾಕ್ಟರನ್ನು ಕೇಳು. ರಾತ್ರಿ ಎಷ್ಟು ಹೊತ್ತಾದರೂ ನನಗೆ ಫೋನ್ ಮಾಡು. ನನ್ನ ಹತ್ತಿರ ಹೇಳಲಾಗದ ದಿನ ಮನಸ್ಸಿನ ಕಷ್ಟ ಕೇಳುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ಗೆ ಮಾಡು, 14416. ಕನ್ನಡದಲ್ಲೇ ಮಾತಾಡಬಹುದು. ನಂಬರನ್ನು ನಿನ್ನ ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಬರೆದಿದ್ದೇನೆ.

ಇನ್ನೊಂದು ವಿಷಯ. ಭಾನುವಾರ ನಿನ್ನ ಅತ್ತೆ ಮನೆಗೆ ಹೋಗುತ್ತಿದ್ದೇನೆ. ಅದು ಟೈಫಾಯ್ಡ್ ಅಲ್ಲ, ಡಿಪ್ರೆಶನ್ ಅಂತ ಹೇಳಬೇಕು ಅಂತಿದೆ. ಆದರೆ ಅದು ನಿನ್ನ ವಿಷಯ. ಹೇಳಲಾ, ಬೇಡವಾ? ಶನಿವಾರದೊಳಗೆ ಒಂದು ಮೆಸೇಜ್ ಹಾಕು. ನೀನು ಬೇಡ ಅಂದರೆ ಹೇಳುವುದಿಲ್ಲ.

ನಿನ್ನ
ಅಮ್ಮ